ಜಾತಿಯ ಕಾಲಮು ಮತ್ತು ಹೊರನಾಡ ಕನ್ನಡಿಗ

(ಸೀವುಡ್ಸ್‌ನಲ್ಲಿ ಸಂಘದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣದ ಲೇಖನರೂಪ)



ಈ ಸಲದ ಮಾಲೆಗೆ ಸಂಘದವರು ನನಗೆ ಸೂಚಿಸಿದ ವಿಷಯ ‘ಅರ್ಜಿಗಳಲ್ಲಿ ಜಾತಿಯ ಪ್ರಶ್ನೆ’. ಕವಿಕಾವ್ಯಗಳ ವಿಚಾರವನ್ನು ಕೇಳಿ ರೂಢಿಯಾದ ಈ ಸಭೆಗೆ ಇದು ಕೊಂಚ ಒಣ ವಿಷಯವೆನ್ನಿಸಬಹುದು. ಆದರೆ ನಾನು ಕಾವ್ಯದ ಮನುಷ್ಯನಲ್ಲ. ಸರಕಾರಿ ಸ್ವಾಮ್ಯದ ಒಂದು ಉದ್ದಿಮೆಯ ಸಿಬ್ಬಂದಿ ವಿಭಾಗದಲ್ಲಿ ಗುಮಾಸ್ತನಾಗಿ ಸೇರಿ, ಮೂವತ್ತೊಂದು ವರ್ಷ ಅರ್ಜಿಗಳನ್ನು ಎಣಿಸಿ, ವಿಂಗಡಿಸಿ, ಪರಿಶೀಲಿಸಿ ನಿವೃತ್ತನಾದವನು. ಆ ಬಳಿಕ ಭಾನುವಾರದ ಬೆಳಗುಗಳಲ್ಲಿ ಸಂಘದ ಕೋಣೆಯಲ್ಲಿ ಕುಳಿತು ನಮ್ಮವರಿಗೆ ಫಾರ್ಮು ತುಂಬಿಕೊಡುತ್ತ ಬಂದಿದ್ದೇನೆ. ಮೇಜಿನ ಆಚೆಗೂ ಈಚೆಗೂ ಕುಳಿತು ಒಂದೇ ಕಾಗದವನ್ನು ನೋಡಿದ ಅನುಭವ ನನ್ನದು. ಅದರ ಬಲದ ಮೇಲೆ ನಾಲ್ಕು ಮಾತುಗಳನ್ನು ತಮ್ಮ ಮುಂದಿಡುತ್ತೇನೆ.

ಮಹಾರಾಷ್ಟ್ರದ ಅರ್ಜಿಯಲ್ಲಿ ಜಾತಿಯ ಕಾಲಮಿಗಿಂತ ಮೊದಲೇ ಬರುವುದು ಅಡ್ಡಹೆಸರಿನ ಕಾಲಮು. ಮೊದಲು ಅಡ್ಡಹೆಸರು, ಆಮೇಲೆ ಸ್ವಂತ ಹೆಸರು, ಕೊನೆಗೆ ತಂದೆಯ ಅಥವಾ ಗಂಡನ ಹೆಸರು. ಊರಿಗೊಂದು, ತಂದೆಗೊಂದು ಅಕ್ಷರವಿಟ್ಟುಕೊಂಡು ಬದುಕಿದ ಹಳೆಯ ಮೈಸೂರಿನವರು ಈ ಕಾಲಮಿನ ಮುಂದೆ ಪೆನ್ನು ಹಿಡಿದು ತಬ್ಬಿಬ್ಬಾಗುವುದನ್ನು ಎಷ್ಟೋ ಸಲ ಕಂಡಿದ್ದೇನೆ. ತಂದೆಯ ಹೆಸರೇ ಮಗನ ಅಡ್ಡಹೆಸರಾಗಿ, ಮೊಮ್ಮಗನ ಶಾಲೆಯಲ್ಲಿ ಅದು ಮನೆತನದ ಹೆಸರಾಗಿ ನಿಂತುಬಿಟ್ಟ ಕುಟುಂಬಗಳು ಈ ಸಭೆಯಲ್ಲಿಯೂ ಇವೆ. ಕರಾವಳಿಯವರಿಗೆ ಈ ತೊಡಕಿಲ್ಲ. ಶೆಟ್ಟಿ, ಪೂಜಾರಿ, ಕೋಟ್ಯಾನ್, ಆಚಾರ್ಯ, ಭಟ್ ಎಂದು ಬರೆದೊಡನೆ ಓದುವವನಿಗೆ ಮುಂದಿನ ಕಾಲಮಿನ ಅರ್ಧ ಉತ್ತರ ಸಿಕ್ಕಂತೆಯೇ. ಬಾಡಿಗೆ ಮನೆಯ ದಲ್ಲಾಳಿಗೂ ಅಷ್ಟು ಸಾಕು. ಅವನು ಜಾತಿಯನ್ನು ಕೇಳುವುದಿಲ್ಲ, ಅಡ್ಡಹೆಸರನ್ನು ಕೇಳಿ, ‘ವೆಜ್ಜೋ ನಾನ್‌ವೆಜ್ಜೋ’ ಎಂದು ಇನ್ನೊಂದು ಪ್ರಶ್ನೆ ಸೇರಿಸಿ ಸುಮ್ಮನಾಗುತ್ತಾನೆ. ಕಾಗದದ ಮೇಲಿನ ಪ್ರಶ್ನೆಯನ್ನು ಅಳಿಸಿಬಿಟ್ಟರೆ ಜಾತಿಯೇ ಅಳಿದೀತೆಂದು ನಂಬುವ ಸಜ್ಜನರು ಈ ದಲ್ಲಾಳಿಯೊಡನೆ ಒಂದು ದಿನ ತಿರುಗಾಡಿ ಬರುವುದು ಒಳಿತು.

ಅಳಿಸಬೇಕೆನ್ನುವವರ ಮಾತು ಹೊಸದಲ್ಲ. ಈ ಕಾಲಮು ಏಕೆ ಬಂತೆಂಬುದನ್ನು ನೆನೆದರೆ ಆ ಮಾತಿನ ತೂಕ ತಿಳಿಯುತ್ತದೆ. 1902ರ ಜುಲೈ 26ರಂದು ಕೊಲ್ಲಾಪುರದ ಶಾಹು ಮಹಾರಾಜರು ತಮ್ಮ ಸಂಸ್ಥಾನದ ಖಾಲಿ ಹುದ್ದೆಗಳಲ್ಲಿ ಅರ್ಧದಷ್ಟನ್ನು ಹಿಂದುಳಿದವರಿಗೆ ಮೀಸಲಿಟ್ಟು ಆಜ್ಞೆ ಹೊರಡಿಸಿದರು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಸಮಿತಿಯನ್ನು ನೇಮಿಸಿದರು. ಕಚೇರಿಗಳೆಲ್ಲ ಒಂದೇ ಜಾತಿಯವರಿಂದ ತುಂಬಿರುವುದು ಬರಿಗಣ್ಣಿಗೆ ಕಾಣುತ್ತಿದ್ದ ಕಾಲ ಅದು. ಆದರೂ ಎಷ್ಟು ತುಂಬಿದೆ, ಯಾರು ಹೊರಗಿದ್ದಾರೆ ಎಂದು ತೋರಿಸಲು ಕಾಗದದಲ್ಲಿ ಒಂದು ಕಾಲಮು ಬೇಕಾಯಿತು. ಕೇಳದಿದ್ದರೆ ಎಣಿಕೆ ಇಲ್ಲ, ಎಣಿಕೆ ಇಲ್ಲದಿದ್ದರೆ ಪಾಲು ಇಲ್ಲ. ನನ್ನ ಮೇಜಿನ ಮೇಲೆ ಹಾದುಹೋದ ಅರ್ಜಿಗಳಲ್ಲಿ ಈ ಕಾಲಮನ್ನು ಕಂಡು ಸಿಡುಕಿಕೊಂಡವರು ಬಹುಮಟ್ಟಿಗೆ ಅದರಿಂದ ಏನೂ ಪಡೆಯಬೇಕಿಲ್ಲದವರೇ ಆಗಿದ್ದರು. ಆದಕಾರಣ ಕಾಲಮು ಇರಲಿ ಎಂಬುದೇ ನನ್ನ ಅಭಿಪ್ರಾಯ. ನನ್ನ ದೂರು ಬೇರೆ: ನಾಡಿನ ಗಡಿ ದಾಟಿ ಬಂದವನಿಗೆ ಈ ಕಾಲಮು ತುಂಬಲು ಬರುವುದೇ ಇಲ್ಲ.

ಒಂದು ಉದಾಹರಣೆಯನ್ನು ವಿಸ್ತಾರವಾಗಿ ಹೇಳುತ್ತೇನೆ. ಕಲಬುರಗಿ ಜಿಲ್ಲೆಯಲ್ಲೊಂದು, ಲಾತೂರು ಜಿಲ್ಲೆಯಲ್ಲೊಂದು, ತೆಲಂಗಾಣದ ತಾಂಡೂರಿನ ಕಡೆ ಒಂದು, ಹೀಗೆ ಮೂರು ಲಂಬಾಣಿ ತಾಂಡಾಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಮೂರೂ ಕಡೆ ಮನೆಯ ಮಾತು ಅದೇ ಗೋರ್ ಬೋಲಿ, ಸೇವಾಲಾಲರ ಮೇಲೆ ಅದೇ ಭಕ್ತಿ, ಪರಸ್ಪರ ಹೆಣ್ಣು ಕೊಟ್ಟು ತರುವ ಸಂಬಂಧ. ಮೂರೂ ಒಂದು ಕಾಲಕ್ಕೆ ನಿಜಾಮನ ಒಂದೇ ಸಂಸ್ಥಾನದಲ್ಲಿದ್ದವು. ಇಂದು ಕಲಬುರಗಿಯ ಲಂಬಾಣಿ ಪರಿಶಿಷ್ಟ ಜಾತಿಯವನು. ಲಾತೂರಿನವನು ವಿಮುಕ್ತ ಜಾತಿಯವನು. ಮಹಾರಾಷ್ಟ್ರದಲ್ಲಿ ಆ ಗುಂಪಿಗೆ ಶೇಕಡಾ 3ರ ಪಾಲು. ತಾಂಡೂರಿನವನು ಪರಿಶಿಷ್ಟ ಪಂಗಡದವನು. ತಾಂಡೂರಿನಿಂದ ಕಲಬುರಗಿಗೆ ಸೊಸೆಯಾಗಿ ಬಂದವಳ ಮಗ ತನ್ನ ಸೋದರಮಾವನ ಕಾಲಮಿನಲ್ಲಿ ಹೆಸರು ಬರೆಯುವಂತಿಲ್ಲ. 2025ರ ಸೆಪ್ಟೆಂಬರ್ 2ರಂದು ಮಹಾರಾಷ್ಟ್ರ ಸರಕಾರ ಮರಾಠರ ವಿಷಯದಲ್ಲಿ ಹೈದರಾಬಾದ್ ಗೆಜೆಟ್ಟನ್ನು ಆಧಾರವಾಗಿ ಒಪ್ಪಿಕೊಂಡಾಗ, ಇಲ್ಲಿಯ ಬಂಜಾರರು ಬೀದಿಗಿಳಿದು, ಅದೇ ಗೆಜೆಟ್ಟಿನ ಆಧಾರದಿಂದ ತಮ್ಮನ್ನೂ ಬುಡಕಟ್ಟೆಂದು ಒಪ್ಪಿರಿ ಎಂದು ಕೇಳಿದ್ದರ ಹಿನ್ನೆಲೆ ಇದು.

ಲಂಬಾಣಿಗಳದಷ್ಟೇ ಕತೆಯಲ್ಲ. ಬೇಡರು ಕರ್ನಾಟಕದಲ್ಲಿ ನಾಯಕ, ವಾಲ್ಮೀಕಿ ಎಂಬ ಹೆಸರುಗಳೊಡನೆ ಪರಿಶಿಷ್ಟ ಪಂಗಡ. ಇಲ್ಲಿ ‘ಬೇರಡ್’ ಎಂದು ವಿಮುಕ್ತ ಜಾತಿ. ಕಲ್ಲೊಡೆದು ಮಣ್ಣು ಹೊತ್ತ ಒಡ್ಡರು ಅಲ್ಲಿ ಭೋವಿಗಳೆಂದು ಪರಿಶಿಷ್ಟ ಜಾತಿ. ಇಲ್ಲಿ ಅವರೂ ವಿಮುಕ್ತರು. ಗಡಿಯನ್ನೇ ದಾಟಬೇಕೆಂದೂ ಇಲ್ಲ. ಮಹಾರಾಷ್ಟ್ರದೊಳಗೇ ಕೈಕಾಡಿ ಜನ ನಾಗಪುರ, ಅಮರಾವತಿಯ ಕಡೆ ಪರಿಶಿಷ್ಟ ಜಾತಿ, ಉಳಿದೆಡೆ ವಿಮುಕ್ತ ಜಾತಿ. ಕರ್ನಾಟಕದಲ್ಲಿಯೂ ಹಳೆಯ ಪ್ರಾಂತಗಳಿಗೆ ತಕ್ಕಂತೆ ಇಂಥ ಒಳಗಡಿಗಳಿದ್ದವು. 1976ರ ತಿದ್ದುಪಡಿ ಕಾಯಿದೆ ಅವುಗಳಲ್ಲಿ ಬಹುಪಾಲನ್ನು ತೆಗೆದುಹಾಕಿತು.

ಇದಕ್ಕೆ ಮೂಲ ಸಂವಿಧಾನದ 341 ಮತ್ತು 342ನೆಯ ಅನುಚ್ಛೇದಗಳಲ್ಲಿದೆ. ರಾಷ್ಟ್ರಪತಿಗಳು ಆಯಾ ರಾಜ್ಯಕ್ಕೆ ಸಂಬಂಧಿಸಿದಂತೆ ಪಟ್ಟಿ ಹೊರಡಿಸುತ್ತಾರೆ; ಒಮ್ಮೆ ಹೊರಟ ಪಟ್ಟಿಯನ್ನು ಬದಲಿಸುವ ಅಧಿಕಾರ ಸಂಸತ್ತಿಗೆ ಮಾತ್ರ. ‘ಆ ರಾಜ್ಯಕ್ಕೆ ಸಂಬಂಧಿಸಿದಂತೆ’ ಎಂಬ ಆ ಪುಟ್ಟ ಮಾತಿನಲ್ಲಿ ವಲಸಿಗನ ಹಣೆಬರಹವಿದೆ. ಅದು ಸ್ಪಷ್ಟವಾದದ್ದು ನಮ್ಮ ನೆರೆಯಲ್ಲಿಯೇ ಹುಟ್ಟಿದ ಒಂದು ಮೊಕದ್ದಮೆಯಿಂದ. ಆಂಧ್ರದಲ್ಲಿ ಪರಿಶಿಷ್ಟ ಪಂಗಡದವರೆಂದು ಪ್ರಮಾಣಪತ್ರ ಪಡೆದ ಒಬ್ಬರು ಕೇಂದ್ರ ಸರಕಾರದ ಗೊಬ್ಬರ ಉದ್ದಿಮೆಯಲ್ಲಿ ಅದೇ ಮೀಸಲಿನಲ್ಲಿ ನೌಕರಿ ಹಿಡಿದು ಮುಂಬಯಿಗೆ ಬಂದರು. ಎಳೆಯ ವಯಸ್ಸಿನಲ್ಲೇ ತಂದೆಯೊಡನೆ ಬಂದ ಮಗ ಇಲ್ಲಿಯೇ ಓದಿ, ವೈದ್ಯಕೀಯ ಕಾಲೇಜಿಗೆ ಅರ್ಜಿ ಹಾಕಿದ. ತಂದೆಗೆ ನೌಕರಿ ಕೊಟ್ಟ ಜಾತಿ ಮಗನಿಗೆ ಸೀಟು ಕೊಡಲಿಲ್ಲ. ಮರ್ರಿ ಚಂದ್ರಶೇಖರ ರಾವ್ ಮೊಕದ್ದಮೆಯೆಂದು ಹೆಸರಾದ ಈ ವ್ಯಾಜ್ಯದಲ್ಲಿ 1990ರಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಒಂದು ರಾಜ್ಯದ ಪರಿಶಿಷ್ಟನು ಇನ್ನೊಂದು ರಾಜ್ಯಕ್ಕೆ ಹೋದಾಗ ಅಲ್ಲಿ ಪರಿಶಿಷ್ಟನೆಂಬ ಹಕ್ಕನ್ನು ಒಯ್ಯಲಾರ ಎಂದು ತೀರ್ಮಾನಿಸಿತು. 1994ರಲ್ಲಿ ಮಹಾರಾಷ್ಟ್ರದ ವಲಸಿಗರ ಪರವಾಗಿಯೇ ಬಂದ ಇನ್ನೊಂದು ಅರ್ಜಿಯಲ್ಲಿ ಅದೇ ಮಾತು ಖಾಯಮ್ಮಾಯಿತು. 2018ರಲ್ಲಿ ಬೀರ್‌ಸಿಂಗ್ ಮೊಕದ್ದಮೆಯಲ್ಲಿ ಮತ್ತೊಮ್ಮೆ. ಅಖಿಲ ಭಾರತ ಮಟ್ಟದ ಕೇಂದ್ರ ಸೇವೆಗಳಿಗೆ ಮಾತ್ರ ಈ ಗಡಿ ಅಡ್ಡ ಬರುವುದಿಲ್ಲ.

ನ್ಯಾಯಾಲಯದ ತರ್ಕವನ್ನು ಹಗುರಾಗಿ ಕಾಣಬಾರದು. ಒಂದು ಜಾತಿಯ ದುಃಸ್ಥಿತಿ ಎಲ್ಲ ರಾಜ್ಯಗಳಲ್ಲಿಯೂ ಒಂದೇ ಬಗೆಯಾಗಿರಬೇಕೆಂದಿಲ್ಲ. ಹೊರಗಿನಿಂದ ಬಂದವರು ಪಾಲು ಕೇಳತೊಡಗಿದರೆ ಇಲ್ಲಿಯ ಮಹಾರರ, ಮಾಂಗರ, ಕಾತಕರಿಗಳ ತಟ್ಟೆಯಿಂದಲೇ ಅದನ್ನು ತೆಗೆಯಬೇಕಾಗುತ್ತದೆ. ದೊಡ್ಡ ಊರಿಗೆ ಬಂದು ನೆಲೆಯೂರಿದ ನೌಕರಸ್ಥನ ಮಗನ ಮುಂದೆ ಜವ್ಹಾರದ ಹಳ್ಳಿಯ ಹುಡುಗ ನಿಂತಾನೆಯೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಸುಳ್ಳು ದಾಖಲೆಗಳ ಭಯವೂ ಕಲ್ಪಿತವಲ್ಲ. ಕೋಳಿ ಸಮಾಜದವರು ಮಹಾದೇವ ಕೋಳಿಗಳೆಂದು ಬರೆಸಿ ವೈದ್ಯಕೀಯ ಸೀಟು ಪಡೆದ ಪ್ರಕರಣದಲ್ಲಿಯೇ 1994ರಲ್ಲಿ ಸುಪ್ರೀಂ ಕೋರ್ಟು ಪರಿಶೀಲನಾ ಸಮಿತಿಗಳ ಏರ್ಪಾಟನ್ನು ವಿಧಿಸಿದ್ದು. ಮಹಾರಾಷ್ಟ್ರದಲ್ಲಿ ಜಾತಿಯ ಪ್ರಮಾಣಪತ್ರಕ್ಕೆಂದೇ ಒಂದು ಕಾಯಿದೆಯಾಗಿದೆ. ಅದರಂತೆ ಪರಿಶಿಷ್ಟ ಜಾತಿಯವರು 1950ರ ಆಗಸ್ಟ್ 10ಕ್ಕೆ, ಪಂಗಡದವರು ಅದೇ ವರ್ಷದ ಸೆಪ್ಟೆಂಬರ್ 6ಕ್ಕೆ, ವಿಮುಕ್ತ ಮತ್ತು ಅಲೆಮಾರಿ ಜನ 1961ರ ನವೆಂಬರ್ 21ಕ್ಕೆ, ಇತರ ಹಿಂದುಳಿದವರು 1967ರ ಅಕ್ಟೋಬರ್ 13ಕ್ಕೆ ಮೊದಲೇ ತಮ್ಮ ಮನೆತನ ಈ ರಾಜ್ಯದಲ್ಲಿ ಇತ್ತೆಂದು ತೋರಿಸಬೇಕು. ನಮ್ಮಲ್ಲಿ ಹಲವರ ಅಜ್ಜಂದಿರು ಆ ತಾರೀಖುಗಳಿಗೆ ಮೊದಲೇ ಫೋರ್ಟಿನ ಹೋಟೆಲುಗಳಲ್ಲಿ ಲೋಟ ತೊಳೆಯುತ್ತಿದ್ದರು; ಆದರೆ ಲೋಟ ತೊಳೆದುದಕ್ಕೆ ರಸೀದಿ ಇಲ್ಲ.

ಇಲ್ಲೊಂದು ಸ್ವಾರಸ್ಯವಿದೆ. 1950ರಲ್ಲಿ ಆ ಪಟ್ಟಿಗಳು ಹೊರಟಾಗ ವಿಜಾಪುರ, ಧಾರವಾಡ, ಬೆಳಗಾವಿ, ಕಾರವಾರಗಳೂ ಠಾಣೆಯೂ ಒಂದೇ ಮುಂಬಯಿ ರಾಜ್ಯದಲ್ಲಿದ್ದವು. 1955ರಲ್ಲಿ ಇಂಡಿಯಿಂದ ರೈಲು ಹತ್ತಿ ಕಲ್ಯಾಣದಲ್ಲಿ ಇಳಿದ ಕೂಲಿಯವನು ಯಾವ ಗಡಿಯನ್ನೂ ದಾಟಿರಲಿಲ್ಲ. 1956ರ ನವೆಂಬರ್ 1ರಂದು ಅವನು ಕಲ್ಯಾಣದಲ್ಲೇ ಮಲಗಿದ್ದಂತೆ ಅವನ ಹಳ್ಳಿ ಬೇರೆ ರಾಜ್ಯಕ್ಕೆ ಹೋಯಿತು. ಏಕೀಕರಣವನ್ನು ನಾವು ಪ್ರತಿವರ್ಷ ಹಾಡಿ ಕೊಂಡಾಡುತ್ತೇವೆ, ಕೊಂಡಾಡಬೇಕಾದದ್ದೇ. ಆದರೆ ಹಾಗೆ ಊರು ಒಂದು ಕಡೆ, ದುಡಿಮೆ ಇನ್ನೊಂದು ಕಡೆ ಆದವರ ಕಾಗದಪತ್ರಗಳ ಗತಿ ಏನಾಯಿತೆಂದು ರಾಜ್ಯೋತ್ಸವದ ವೇದಿಕೆಯಿಂದ ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಕೋಣೆಗೆ ಒಬ್ಬ ತಂದೆ ಮಗನೊಡನೆ ಬಂದರು. ವಿಜಯಪುರ ಜಿಲ್ಲೆಯ ತಾಂಡಾದವರು. ನೆರೂಳಿನ ಕಟ್ಟಡಗಳು ಏಳುತ್ತಿದ್ದಾಗ, 1989ರಲ್ಲಿ, ನಾಕಾದಲ್ಲಿ ನಿಂತು ಕೂಲಿ ಹಿಡಿದವರು. ನಾವಿಂದು ಮನೆ ಮಾಡಿಕೊಂಡಿರುವ ಸೀವುಡ್ಸ್‌ನ ಎಷ್ಟೋ ಗೋಡೆಗಳಿಗೆ ಅವರ ಕೈಯ ಗಾರೆ ಅಂಟಿದೆ. ಮಗ ಇಲ್ಲಿಯೇ ಹುಟ್ಟಿ, ನಗರಪಾಲಿಕೆಯ ಮರಾಠಿ ಶಾಲೆಯಲ್ಲಿ ಓದಿ, ಹನ್ನೆರಡನೆಯ ತರಗತಿಯಲ್ಲಿ ಒಳ್ಳೆಯ ಅಂಕ ಪಡೆದಿದ್ದ. ಇಲ್ಲಿಯ ಕಚೇರಿಯೊಂದರಲ್ಲಿ, ‘ನೀವು ಕರ್ನಾಟಕದವರು, ದಾಖಲೆ ಅಲ್ಲಿಂದ ತನ್ನಿ’ ಎಂದಿದ್ದರು. ಊರಿನ ಕಡೆಯ ಕಚೇರಿಯಲ್ಲಿ, ‘ಹುಡುಗ ಹುಟ್ಟಿದ್ದು ಅಲ್ಲಿ, ಅಲ್ಲಿಯೇ ಕೇಳಿ’ ಎಂದು ಕಳಿಸಿದ್ದರು. ಎರಡು ಸಲ ಹೋಗಿಬಂದ ಬಸ್ಸಿನ ಟಿಕೇಟುಗಳನ್ನೂ ಅವರು ಆ ಕಾಗದಗಳ ಜೊತೆಗೇ ಪಿನ್ನು ಹಾಕಿ ಇಟ್ಟಿದ್ದರು, ಅದೂ ಒಂದು ದಾಖಲೆಯೇನೋ ಎಂಬಂತೆ. ಅವರು ನನಗೆ ಹೇಳಿದ ಮಾತು ಹೀಗಿತ್ತು: “ಸಾಹೇಬ್ರ, ಊರಾಗ ನಮ್ಮನ್ನ ಜಾತಿ ಯಾವುದಂತ ಯಾರೂ ಕೇಳಂಗಿಲ್ರಿ, ಎಲ್ಲಾರಿಗೂ ಗೊತ್ತೈತಿ. ಇಲ್ಲಿ ಎಲ್ಲಾರೂ ಕೇಳ್ತಾರ. ಹೇಳಿದ್ರ ಒಪ್ಪಂಗಿಲ್ರಿ.”

ಹುಡುಗನ ವಾಸದ ಪ್ರಮಾಣಪತ್ರಕ್ಕೆ ಯಾವ ಅಡ್ಡಿಯೂ ಬರಲಿಲ್ಲವೆಂಬುದನ್ನು ಗಮನಿಸಬೇಕು. ಹದಿನೈದು ವರ್ಷ ಇಲ್ಲಿದ್ದವನು ಮಹಾರಾಷ್ಟ್ರದ ನಿವಾಸಿ. ಹಾಗಾಗಿ ಅವನು ನಿವಾಸಕ್ಕೆ ಮಹಾರಾಷ್ಟ್ರದವನು, ಜಾತಿಗೆ ಕರ್ನಾಟಕದವನು. ಕರ್ನಾಟಕದಲ್ಲಿ ವೃತ್ತಿಶಿಕ್ಷಣದ ಸೀಟು ಕೇಳಿದರೆ ಅಲ್ಲಿಯ ಸಾಮಾನ್ಯ ನಿಯಮ, ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕೆನ್ನುತ್ತದೆ. ಹೊರನಾಡು, ಗಡಿನಾಡು ಕನ್ನಡಿಗರಿಗೆಂದು ಬೇರೆ ಕಲಮುಗಳಿವೆ, ಆದರೆ ಅವು ಕನ್ನಡ ಬಲ್ಲವರಿಗೆ. ಈ ಹುಡುಗನ ಮನೆಯ ಮಾತು ಗೋರ್ ಬೋಲಿ, ಶಾಲೆಯ ಮಾತು ಮರಾಠಿ. ಕನ್ನಡ ಅವನ ತಂದೆಯ ವ್ಯವಹಾರದ ಭಾಷೆ. ಅವನು ‘ಓಪನ್’ ಎಂದು ಟಿಕ್ಕು ಹಾಕಿ ಡಿಪ್ಲೊಮಾ ಸೇರಿದ, ಪೂರ್ತಿ ಶುಲ್ಕ ಕಟ್ಟಿ. ಆ ಕಾಲಮು ತೆರೆದ ಬಾಗಿಲೆಂದು ಹೇಳುತ್ತಾರೆ. ಮೇಸ್ತ್ರಿಯ ಮಗನಿಗೆ ಅದರ ಹೊಸ್ತಿಲು ಎತ್ತರವೇ.

ಅವಮಾನದ ವಿಷಯದಲ್ಲಿ ಕಾನೂನು ಇಷ್ಟು ಗಡಿ ನೋಡುವುದಿಲ್ಲ. 2023ರಲ್ಲಿ ಮುಂಬಯಿ ಹೈಕೋರ್ಟಿನ ಪೂರ್ಣಪೀಠ, ದೌರ್ಜನ್ಯ ತಡೆ ಕಾಯಿದೆಯ ರಕ್ಷಣೆ ಪರಿಶಿಷ್ಟ ಜಾತಿ, ಪಂಗಡದವರಿಗೆ ದೇಶದ ಯಾವ ಭಾಗದಲ್ಲಿದ್ದರೂ ಉಂಟು, ಅವರ ಜಾತಿ ಆ ರಾಜ್ಯದ ಪಟ್ಟಿಯಲ್ಲಿ ಇರಲಿ ಇಲ್ಲದಿರಲಿ ಎಂದು ಹೇಳಿತು. ಜಾತಿಯ ಹೆಸರಿನಲ್ಲಿ ಬೈಸಿಕೊಳ್ಳುವಾಗ ಅವನು ನವಿ ಮುಂಬಯಿಯಲ್ಲಿಯೂ ಪರಿಶಿಷ್ಟನೇ. ಶುಲ್ಕದ ರಿಯಾಯಿತಿ ಕೇಳುವಾಗ ಮಾತ್ರ ಅಲ್ಲ. ಜಾತಿಯ ನೋವು ಮನುಷ್ಯನೊಡನೆ ಪ್ರಯಾಣ ಮಾಡುತ್ತದೆಂದು ಒಪ್ಪಿದ ಮೇಲೆ ಅದರ ಪರಿಹಾರವನ್ನು ಊರಿನಲ್ಲೇ ಕಟ್ಟಿಹಾಕುವುದಕ್ಕೆ ಕಾರಣ ಸಿಕ್ಕುವುದು ಕಷ್ಟ.

ನಮ್ಮಲ್ಲಿ ಹಲವರ ಮಕ್ಕಳು ಅಮೆರಿಕ, ಇಂಗ್ಲೆಂಡುಗಳಲ್ಲಿದ್ದಾರೆ. ಅಲ್ಲಿಯ ಅರ್ಜಿಗಳು ಜನಾಂಗವನ್ನು ಕೇಳುತ್ತವೆಂದು ಕೆಲವರು ಬೇಸರದಿಂದ ಹೇಳುವುದುಂಟು. ಹೋಲಿಸಿ ನೋಡುವುದು ಉಪಯುಕ್ತ. ಅಮೆರಿಕದಲ್ಲಿ 1964ರ ನಾಗರಿಕ ಹಕ್ಕುಗಳ ಕಾಯಿದೆಯ ತರುವಾಯ ನೌಕರಿಯ ಅರ್ಜಿಯೊಡನೆ ಬರುವ ಆ ಪ್ರಶ್ನೆಗೆ ಉತ್ತರಿಸುವುದು ಸಾಮಾನ್ಯವಾಗಿ ಐಚ್ಛಿಕ, ಉತ್ತರವನ್ನು ಆಯ್ಕೆಯ ಕಾಗದಗಳಿಂದ ಬೇರೆ ಇಡುತ್ತಾರೆ, ಲೆಕ್ಕಕ್ಕಾಗಿ ಬಳಸುತ್ತಾರೆ. ಅಲ್ಲಿಯ ಕಾಲಮುಗಳೂ ಸ್ಥಿರವಲ್ಲ. 1923ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿಯನ್ನು ಬಿಳಿಯನಲ್ಲವೆಂದು ಹೇಳಿ ಪೌರತ್ವ ನಿರಾಕರಿಸಿತು. 1970ರ ಜನಗಣತಿ ಭಾರತೀಯರನ್ನು ಬಿಳಿಯರೊಡನೆ ಎಣಿಸಿತು. 1980ರಲ್ಲಿ ಅವರಿಗೆ ‘ಏಷ್ಯನ್ ಇಂಡಿಯನ್’ ಎಂಬ ಸ್ವಂತ ಕಾಲಮು ಸಿಕ್ಕಿತು. ಬ್ರಿಟನ್ನಿನ ಜನಗಣತಿ ಈ ಪ್ರಶ್ನೆ ಕೇಳತೊಡಗಿದ್ದು 1991ರಲ್ಲಿ. ಫ್ರಾನ್ಸು ಕೇಳುವುದೇ ಇಲ್ಲ. ಹಾಗಾಗಿ ಅಲ್ಲಿ ಯಾರು ಹೊರಗುಳಿದಿದ್ದಾರೆಂದು ತೋರಿಸುವುದೂ ಕಷ್ಟ. ಆದರೆ ಅಮೆರಿಕದಲ್ಲಾಗಲಿ ಇಂಗ್ಲೆಂಡಿನಲ್ಲಾಗಲಿ ಇಂದು ನೀನು ಬರೆದದ್ದೇ ಉತ್ತರ. ಇಲ್ಲಿ ಅರ್ಜಿ ನಮ್ಮನ್ನು ಕೇಳಿದಂತೆ ಮಾಡಿ ಅಜ್ಜನ ಶಾಲೆಯ ಹಾಜರಿ ಪುಸ್ತಕವನ್ನು ಕೇಳುತ್ತದೆ. ಶಾಲೆಗೇ ಹೋಗದ ಅಜ್ಜನಿದ್ದವನಿಗೆ, ಅಂದರೆ ಈ ಕಾಲಮು ಯಾರಿಗಾಗಿ ಹುಟ್ಟಿತೋ ಅವನಿಗೆ, ಉತ್ತರಿಸುವುದು ಎಲ್ಲರಿಗಿಂತ ಕಷ್ಟ.

ಹಾಗಾದರೆ ಏನು ಕೇಳಬೇಕು? ನಿನ್ನೆ ಮೊನ್ನೆ ಬಂದವನಿಗೆ ಇಲ್ಲಿಯ ಪಾಲು ಕೊಡಿ ಎಂದು ನಾನು ಕೇಳಲಾರೆ. ಸ್ಥಳೀಯರ ತಟ್ಟೆಯ ಮಾತನ್ನು ಆಗಲೇ ಹೇಳಿದ್ದೇನೆ. ಇಲ್ಲಿಯೇ ಹುಟ್ಟಿ, ಹತ್ತೂ ಹನ್ನೆರಡೂ ಇಲ್ಲಿಯೇ ಓದಿದ ಮಕ್ಕಳ ಪ್ರಶ್ನೆ ಬೇರೆ. ಅವರಿಗೆ ಎರಡು ರಾಜ್ಯಗಳಲ್ಲಿ ಒಂದಾದರೂ ತನ್ನವನೆನ್ನಬೇಕು. ಇಲ್ಲವೆ, ಸೀಟಿನ ಪಾಲನ್ನು ಮುಟ್ಟದೆ, ಶುಲ್ಕ ಮತ್ತು ವಿದ್ಯಾರ್ಥಿವೇತನದ ಮಟ್ಟಿಗಾದರೂ ಹುಟ್ಟೂರಿನ ಸರಕಾರ ಹೊಣೆ ಹೊರಬೇಕು. ಕರ್ನಾಟಕ ಸರಕಾರ ಹೊರನಾಡಿನಲ್ಲಿ ಕನ್ನಡ ಭವನಕ್ಕೆ, ಉತ್ಸವಕ್ಕೆ ಹಣ ಕೊಡುವುದನ್ನು ಕಂಡಿದ್ದೇವೆ. ತನ್ನದೇ ಪಟ್ಟಿಯಲ್ಲಿರುವ ಜನರ ಮಕ್ಕಳ ಶುಲ್ಕ ಅದಕ್ಕಿಂತ ಮುಂಚಿನ ಖರ್ಚೆಂದು ನನಗೆ ತೋರುತ್ತದೆ.

ನಾವೂ ಒಳಗೆ ನೋಡಿಕೊಳ್ಳಬೇಕಾದ್ದಿದೆ. ಮುಂಬಯಿಗೆ ಬಂದ ಕನ್ನಡಿಗರು, ತುಳುವರು ಜಾತಿಯ ಆಸರೆಯಲ್ಲಿಯೇ ಮೊದಲು ಒಗ್ಗೂಡಿದರು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದು, ಬಂಟರ ಸಂಘ 1927ರದು. ರಾತ್ರಿಶಾಲೆ, ವಿದ್ಯಾರ್ಥಿವೇತನ, ನೌಕರಿಯ ಶಿಫಾರಸು, ಈ ನಗರದಲ್ಲಿ ಅವು ಮಾಡಿದ ಉಪಕಾರವನ್ನು ಮರೆಯಲಾಗದು. ಆದರೆ ನಾಕಾದಲ್ಲಿ ನಿಲ್ಲುವ ಲಂಬಾಣಿ, ಒಡ್ಡ, ಹೊಲೆಯ, ಮಾದಿಗ ಕುಟುಂಬಗಳಿಗೆ ಅಂಥ ಹಳೆಯ ಆಸರೆ ಇರಲಿಲ್ಲ. ನಮ್ಮ ಸಂಘಗಳ ಸದಸ್ಯತ್ವದ ಪಟ್ಟಿಯಲ್ಲಿಯೂ ಅವರ ಹೆಸರು ವಿರಳ. ನಮ್ಮ ಸಂಘದ ಅರ್ಜಿಯಲ್ಲಿ ಜಾತಿಯ ಕಾಲಮು ಇಲ್ಲವೆಂದು ನಾವು ಹೆಮ್ಮೆಪಡುತ್ತೇವೆ. ಇದ್ದಿದ್ದರೆ ಅದರಲ್ಲಿ ಏನು ಕಾಣುತ್ತಿತ್ತೆಂದು ಪದಾಧಿಕಾರಿಗಳು ಒಮ್ಮೆ ಯೋಚಿಸಬಹುದು.

ಜನಗಣತಿಯ ವಿಷಯವನ್ನೂ ಹೇಳಬೇಕು. ಎಲ್ಲ ಜಾತಿಗಳ ಎಣಿಕೆಯನ್ನು ಪೂರ್ತಿಯಾಗಿ ಪ್ರಕಟಿಸಿದ ಕಡೆಯ ಜನಗಣತಿ 1931ರದು. ಮುಂದಿನ ಜನಗಣತಿಯಲ್ಲಿ ಜಾತಿಯನ್ನು ಕೇಳುವ ನಿರ್ಧಾರ 2025ರ ಏಪ್ರಿಲ್ 30ರಂದು ಆಯಿತು; ದೇಶದ ಬಹುಭಾಗಕ್ಕೆ 2027ರ ಮಾರ್ಚ್ 1ನ್ನು ಎಣಿಕೆಯ ತಾರೀಖೆಂದು ಗೊತ್ತುಪಡಿಸಿದರು. ಜನಗಣತಿಗೆ ಪ್ರಮಾಣಪತ್ರ ಬೇಡ, ನಾವು ಹೇಳಿದ್ದನ್ನು ಬರೆದುಕೊಳ್ಳಬೇಕು. ಕರ್ನಾಟಕ 2015ರಲ್ಲಿಯೂ 2025ರಲ್ಲಿಯೂ ನಡೆಸಿದ ಸಮೀಕ್ಷೆಗಳು ತನ್ನ ಗಡಿಯೊಳಗಿನ ಮನೆಗಳಿಗೆ ಹೋದವು. ನಮ್ಮ ಬಾಗಿಲಿಗೆ ಬಂದಿಲ್ಲ. ಹಾಗಾಗಿ ಹೊರನಾಡಿನ ಬಡವರು ಲೆಕ್ಕದಲ್ಲಿ ಕಾಣಲು ಇದೊಂದೇ ಅವಕಾಶ. ಅಡ್ಡಹೆಸರನ್ನೇ ಜಾತಿಯೆಂದು ಬರೆಸದೆ, ಊರಿನ ದಾಖಲೆಯಲ್ಲಿರುವ ಹೆಸರನ್ನೇ ಹೇಳಿ. ಮಾತೃಭಾಷೆಯ ಕಾಲಮಿನಲ್ಲಿಯೂ ಎಚ್ಚರವಿರಲಿ. ಲಂಬಾಣಿಯನ್ನು ಹಿಂದಿನ ಗಣತಿಗಳು ಹಿಂದಿಯ ಲೆಕ್ಕಕ್ಕೆ ಸೇರಿಸಿದವೆಂಬುದು ಬೇರೆ ಮಾತು, ಬರೆಸುವವರು ಬರೆಸಲೇಬೇಕು.

ಕೊನೆಗೆ, ಕೈಗೆ ಸಿಗುವ ಕೆಲಸದ ಮಾತು. ಕೇಂದ್ರ ಗೃಹಖಾತೆಯ 1985ರ ಫೆಬ್ರವರಿ 22ರ ಸುತ್ತೋಲೆಯೊಂದಿದೆ. ವಲಸೆ ಬಂದ ಪರಿಶಿಷ್ಟನ ಮಗನಿಗೆ, ತಂದೆಗೆ ಹುಟ್ಟೂರಿನ ಅಧಿಕಾರಿ ಕೊಟ್ಟ ಪ್ರಮಾಣಪತ್ರವನ್ನು ನೋಡಿ, ಅವನು ಈಗಿರುವ ರಾಜ್ಯದ ಅಧಿಕಾರಿಯೇ ಪ್ರಮಾಣಪತ್ರ ಕೊಡಬಹುದೆಂದು ಅದು ಹೇಳುತ್ತದೆ. ಅದರಿಂದ ಮಹಾರಾಷ್ಟ್ರದ ಸವಲತ್ತು ಸಿಗದು. ರೈಲ್ವೆ, ಬ್ಯಾಂಕು, ಕೇಂದ್ರ ಸರಕಾರದ ನೌಕರಿಗಳಿಗೆ ನಡೆಯುತ್ತದೆ. ನಾನು ಹೇಳಿದ ಹುಡುಗನಿಗೆ ಆ ಪತ್ರ ನಾಲ್ಕನೆಯ ತಿರುಗಾಟದಲ್ಲಿ ಸಿಕ್ಕಿತು. ಆದ್ದರಿಂದ ತಂದೆಯ ಹೆಸರಿನ ಪತ್ರ ಇನ್ನೂ ಇಲ್ಲದವರು, ಊರಿನಲ್ಲಿ ಹಿರಿಯರು ಇರುವಾಗಲೇ, ಮುಂದಿನ ಜಾತ್ರೆಗೋ ಮದುವೆಗೋ ಹೋದಾಗ ತಹಸೀಲ್ದಾರರ ಕಚೇರಿಗೆ ಒಂದು ದಿನ ಇಟ್ಟುಕೊಳ್ಳಿ. ತಂದೆಯ ಇಲ್ಲವೆ ದೊಡ್ಡಪ್ಪ, ಚಿಕ್ಕಪ್ಪಂದಿರ ಶಾಲೆಯ ದಾಖಲೆ, ಹೊಲದ ಪಹಣಿ, ವಂಶಾವಳಿ ಇವುಗಳ ಪ್ರತಿ ತನ್ನಿ. ಸುತ್ತೋಲೆಯ ಪ್ರತಿಗಳನ್ನು ಸಂಘದ ಕೋಣೆಯಲ್ಲಿ ಇಟ್ಟಿದ್ದೇವೆ, ಕಚೇರಿಗೆ ಹೋಗುವಾಗ ಒಂದನ್ನು ಜೊತೆಗೆ ಒಯ್ಯಿರಿ. ಅಲ್ಲಿ ಕುಳಿತವರಿಗೂ ಬಹಳ ಸಲ ಅದು ಗೊತ್ತಿರುವುದಿಲ್ಲ. ಭಾನುವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ನಾನು ಅಲ್ಲಿರುತ್ತೇನೆ.